ಒಂದು ವರ್ಷದ ಗಡುವು, ಒಂದು ಜೊತೆ ಕಾಲ್ಗೆಜ್ಜೆ

ಹೊಸ ಸಂಸಾರ. ಊರು ದೆಹಲಿ. ಗಂಡ ಹೆಂಡತಿಗೆ ಏನಾದರೂ ಕೊಡಿಸಬೇಕೆಂದು ಹೊರಟಿದ್ದಾನೆ. ನಿನಗೇನು ಬೇಕು ಎಂದು ಕೇಳುತ್ತಾನೆ. ಸೀರೆ ಎಂದಾಳು, ಒಡವೆ ಎಂದಾಳು ಎಂಬ ನಿರೀಕ್ಷೆ ಅವನದು. ನೋಡುತ್ತ ಕೂತ ನಮ್ಮದೂ ಅದೇ. ಅವಳು ಕೇಳುವುದು ವಿಚ್ಛೇದನ.

1986ರ ಆಗಸ್ಟ್ 15ರಂದು ತೆರೆಕಂಡ ಮಣಿರತ್ನಂ ಅವರ ತಮಿಳು ಚಿತ್ರ ‘ಮೌನ ರಾಗಂ’ನ ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಈಚೆಗೆ ಒಂದು ಭಾನುವಾರ ಮಧ್ಯಾಹ್ನ ಅಮ್ಮನ ಜೊತೆ ಕೂತು ಮತ್ತೊಮ್ಮೆ ನೋಡಿದೆ. ಅಮ್ಮನಿಗೆ ತಮಿಳು ಅರ್ಧಂಬರ್ಧ ಅರ್ಥವಾಗುತ್ತದೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದವಳು ಈ ಮಾತು ಬಂದಾಗ ಕೈ ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು, ‘ಅವನು ಕೇಳಿದನಲ್ಲ, ಅದೇ ದೊಡ್ಡದು. ನಮ್ಮನ್ನ ಯಾರು ಕೇಳಿದ್ರು?’ ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.

ಇಷ್ಟು ವರ್ಷ ನಾನು ಈ ಚಿತ್ರವನ್ನು ಹೆಂಡತಿಯ ಉತ್ತರಕ್ಕಾಗಿ ನೋಡುತ್ತಿದ್ದೆ. ಅಮ್ಮ ಗಂಡನ ಪ್ರಶ್ನೆಯನ್ನು ಹಿಡಿದಳು. ನಾಲ್ಕು ದಶಕ ಕಳೆದರೂ ಈ ಚಿತ್ರ ಹಳತಾಗದಿರುವುದಕ್ಕೆ ಕಾರಣ ಆ ಪ್ರಶ್ನೆಯಲ್ಲೇ ಇದೆ ಎಂದು ಈಗ ನನಗನ್ನಿಸುತ್ತದೆ. ಹೆಣ್ಣನ್ನು ಕೇಳುವುದು, ಅವಳು ಕೊಟ್ಟ ಉತ್ತರಕ್ಕೆ ಬೆಲೆ ಕೊಡುವುದು, ಆಮೇಲೆ ಕಾಯುವುದು. ‘ಮೌನ ರಾಗಂ’ ಹೇಳುವ ಪ್ರೀತಿಯ ಕಥೆ ಇಷ್ಟೇ.

ಕನ್ನಡದ ಹೊಸ್ತಿಲು ದಾಟಿ ಹೋದವರು

ಈ ತಮಿಳು ಚಿತ್ರದ ಬೇರು ಹುಡುಕುತ್ತ ಹೋದರೆ ಕರ್ನಾಟಕ ಸಿಗುತ್ತದೆ. ಮ್ಯಾನೇಜ್‌ಮೆಂಟ್ ಓದಿ ಸಲಹೆಗಾರರ ಕೆಲಸದಲ್ಲಿದ್ದ ಮಣಿರತ್ನಂ ಸಿನಿಮಾದ ಕಡೆ ಹೊರಳಿದ್ದು ಒಂದು ಕನ್ನಡ ಚಿತ್ರದ ನೆಪದಲ್ಲಿ. ಬಿ.ಆರ್. ಪಂತುಲು ಅವರ ಮಗ ರವಿಶಂಕರ್ ‘ಬಂಗಾರದ ಗಣಿ’ ಮಾಡುವಾಗ ಚಿತ್ರಕಥೆಗೆ ಕೂತ ಗೆಳೆಯರಲ್ಲಿ ಮಣಿರತ್ನಂ ಒಬ್ಬರು. ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವೂ ಕನ್ನಡದ್ದೇ: 1983ರ ‘ಪಲ್ಲವಿ ಅನುಪಲ್ಲವಿ’. ಅನಿಲ್ ಕಪೂರ್, ಲಕ್ಷ್ಮಿ, ಕಿರಣ್ ವೈರಾಲೆ ಅಭಿನಯಿಸಿದ್ದ, ಇಳಯರಾಜ ಸಂಗೀತವಿದ್ದ ಆ ಚಿತ್ರದ ಚಿತ್ರಕಥೆಗೆ ಮಣಿರತ್ನಂ ಅವರಿಗೆ ಕರ್ನಾಟಕ ರಾಜ್ಯ ಪ್ರಶಸ್ತಿ ಬಂತು.

ಆ ಚಿತ್ರದ ಕ್ಯಾಮೆರಾ ಹಿಡಿದಿದ್ದವರು ಬಾಲು ಮಹೇಂದ್ರ. ಅವರು ನಿರ್ದೇಶಕರಾಗಿ ಮಾಡಿದ ಮೊದಲ ಚಿತ್ರವೂ ಕನ್ನಡದ್ದು, 1977ರ ‘ಕೋಕಿಲ’. ಕಮಲಹಾಸನ್, ಶೋಭಾ ಅಭಿನಯಿಸಿದ್ದ ಆ ಚಿತ್ರದಲ್ಲಿ ಒಬ್ಬ ಹೊಸ ಹುಡುಗನಿದ್ದ. ನಾಟಕದ ಗೀಳು ಹಚ್ಚಿಕೊಂಡು ಬಂದ ಆ ಕರ್ನಾಟಕದ ಹುಡುಗ ಮುಂದೆ ತಮಿಳುನಾಡಿನಲ್ಲಿ ‘ಕೋಕಿಲ ಮೋಹನ್’ ಎಂದೂ, ಸಾಲು ಸಾಲು ಚಿತ್ರಗಳಲ್ಲಿ ಗಾಯಕನ ಪಾತ್ರ ಮಾಡಿ ‘ಮೈಕ್ ಮೋಹನ್’ ಎಂದೂ ಮನೆಮಾತಾದ. ‘ಮೌನ ರಾಗಂ’ನ ಗಂಡ ಚಂದ್ರಕುಮಾರ್ ಈ ಮೋಹನ್.

ಇನ್ನೂ ಒಂದು ಎಳೆಯಿದೆ. ‘ಪಲ್ಲವಿ ಅನುಪಲ್ಲವಿ’ಯಲ್ಲಿ ಲಕ್ಷ್ಮಿ ಮಾಡಿದ್ದು ಗಂಡನಿಂದ ದೂರವಾಗಿ ಬದುಕುವ ಹೆಣ್ಣಿನ ಪಾತ್ರ. ಅವಳಿಗೂ ಅವಳಿಗಿಂತ ಕಿರಿಯನಾದ ಯುವಕನಿಗೂ ಬೆಳೆಯುವ ಸ್ನೇಹವನ್ನು ಲೋಕ ಹೇಗೆ ನೋಡುತ್ತದೆ ಎಂಬುದು ಅಲ್ಲಿನ ಕಥೆ. ತಾಳಿ ಬಿದ್ದ ಮೇಲೆ ಹೆಣ್ಣಿನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ಕುತೂಹಲ ಮಣಿರತ್ನಂ ಅವರಿಗೆ ಕನ್ನಡದಲ್ಲಿ ಕೆಲಸ ಮಾಡುವಾಗಲೇ ಹುಟ್ಟಿತ್ತು. ಅಲ್ಲಿ ಮುಗಿದುಹೋದ ದಾಂಪತ್ಯ, ಇಲ್ಲಿ ಶುರುವೇ ಆಗದ ದಾಂಪತ್ಯ.

ಸಣ್ಣ ಕಥೆಯೊಂದು ಸಿನಿಮಾ ಆದದ್ದು

‘ಮೌನ ರಾಗಂ’ಗೆ ಮೊದಲು ಮಣಿರತ್ನಂ ಅವರ ನಾಲ್ಕು ಚಿತ್ರಗಳು ಬಂದಿದ್ದವು. ಕನ್ನಡದ ನಂತರ ಮಲಯಾಳಂನಲ್ಲಿ ಕಾರ್ಮಿಕ ಸಂಘಟನೆಗಳ ಕುರಿತ ‘ಉಣರೂ’, ತಮಿಳಿನಲ್ಲಿ ‘ಪಗಲ್ ನಿಲವು’ ಮತ್ತು ‘ಇದಯ ಕೋವಿಲ್’. ಹೆಸರು ತಂದುಕೊಟ್ಟದ್ದು ಐದನೆಯ ಚಿತ್ರ. ಅದರ ಮೂಲ ಅವರೇ ಬರೆದಿಟ್ಟುಕೊಂಡಿದ್ದ ಒಂದು ಸಣ್ಣ ಕಥೆ, ಹೆಸರು ‘ದಿವ್ಯಾ’. ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಮದುವೆಯ ಮೊದಲ ರಾತ್ರಿ ಅಪರಿಚಿತ ಗಂಡಸೊಬ್ಬನ ಎದುರು ನಿಲ್ಲಬೇಕಾದಾಗ ಅವಳಿಗೆ ಏನನ್ನಿಸುತ್ತದೆ ಎಂಬಷ್ಟೇ ಅದರ ವಸ್ತು. ಚಿತ್ರದಲ್ಲಿ ನಾಯಕಿಗಿರುವ ಹಳೆಯ ಪ್ರಿಯಕರನ ಭಾಗ ಅದರಲ್ಲಿ ಇರಲಿಲ್ಲ. ಹೆಚ್ಚು ಜನರನ್ನು ತಲುಪಲೆಂದು ಅದು ಆಮೇಲೆ ಬಂದು ಸೇರಿತು.

ಈ ಹಿನ್ನೆಲೆ ತಿಳಿದು ಚಿತ್ರ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಿತ್ರದ ನಾಯಕಿ ದಿವ್ಯಾಳ ನಿರಾಕರಣೆಗೆ ಸತ್ತ ಪ್ರಿಯಕರನೊಬ್ಬನೇ ಕಾರಣವಲ್ಲ. ಹಿಂದೆ ಯಾರನ್ನೂ ಪ್ರೀತಿಸದ ಹುಡುಗಿಗೂ ಆ ರಾತ್ರಿ ಬೇಡ ಎನ್ನುವ ಹಕ್ಕಿದೆ. ಕಥೆ ಹುಟ್ಟಿದ್ದೇ ಆ ಹಕ್ಕಿನಿಂದ.

ಮಳೆಯಲ್ಲಿ ನೆನೆದು ಬಂದ ಹುಡುಗಿ

ಚಿತ್ರದ ಮೊದಲ ಭಾಗ ಮದ್ರಾಸಿನ ಮಧ್ಯಮವರ್ಗದ ಮನೆಯಲ್ಲಿ ನಡೆಯುತ್ತದೆ. ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಗೊತ್ತಾದ ದಿನ ದಿವ್ಯಾ ಬೇಕೆಂದೇ ಮನೆಗೆ ತಡ ಮಾಡುತ್ತಾಳೆ, ಮಳೆಯಲ್ಲಿ ಗೆಳತಿಯರ ಜೊತೆ ಕುಣಿಯುತ್ತಾಳೆ. ಬಂದವರು ಕಾದು ಕಾದು ಎದ್ದು ಹೋಗಿರುತ್ತಾರೆ ಎಂಬುದು ಅವಳ ಲೆಕ್ಕ. ತೊಯ್ದು ತೊಪ್ಪೆಯಾಗಿ ಮನೆಗೆ ಬಂದರೆ ಗಂಡು ಇನ್ನೂ ಕಾಯುತ್ತಿದ್ದಾನೆ. ಕಾಯುವುದು ಈ ಮನುಷ್ಯನ ಸ್ವಭಾವ ಎಂಬುದನ್ನು ಮಣಿರತ್ನಂ ಇಲ್ಲೇ ಹೇಳಿಬಿಡುತ್ತಾರೆ. ತನ್ನ ದೋಷಗಳನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸಿದರೆ ಇವನು ಓಡಿಹೋಗುತ್ತಾನೆ ಎಂದು ಅವಳು ಪ್ರಯತ್ನಿಸುತ್ತಾಳೆ. ಅವನಿಗೆ ಆ ನೇರ ಮಾತೇ ಇಷ್ಟವಾಗುತ್ತದೆ.

ಅವನು ಒಪ್ಪಿದ, ಅವಳು ಒಪ್ಪಲಿಲ್ಲ. ನಡುವೆ ಅಪ್ಪನಿಗೆ ಹೃದಯಾಘಾತವಾಗುತ್ತದೆ. ಆಸ್ಪತ್ರೆಯ ಮಂಚ, ಕಣ್ಣೀರಿಡುವ ಅಮ್ಮ, ಏನೂ ಹೇಳಲಾರದೆ ನಿಂತ ಮಗಳು. ಇದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನಡೆದಿಲ್ಲ? ಯಾರೂ ಹೊಡೆಯುವುದಿಲ್ಲ, ಕೂಡಿಹಾಕುವುದಿಲ್ಲ. ‘ಅಪ್ಪನ ಮುಖ ನೋಡಿಯಾದರೂ’ ಎಂಬ ಒಂದು ಮಾತು ಸಾಕು. ದಿವ್ಯಾ ತಲೆ ಬಗ್ಗಿಸುತ್ತಾಳೆ.

ಮೊದಲ ರಾತ್ರಿ ಕೋಣೆಗೆ ಹೋಗುವ ಮುನ್ನ ಅವಳು ಅಮ್ಮನನ್ನು ಕೇಳುವ ಪ್ರಶ್ನೆ ಇಂದಿಗೂ ಚುಚ್ಚುತ್ತದೆ. ಎರಡು ದಿನದ ಹಿಂದೆ ಹೀಗೆ ಗುರುತು ಪರಿಚಯವಿಲ್ಲದ ಗಂಡಸಿನ ಕೋಣೆಗೆ ನನ್ನನ್ನು ಕಳಿಸುತ್ತಿದ್ದೆಯಾ ಎಂಬ ಅರ್ಥದ ಮಾತು ಅದು. ತಾಳಿ ಎಂಬ ದಾರ ಎರಡು ದಿನದಲ್ಲಿ ಏನನ್ನು ಬದಲಿಸಿತು ಎಂದು ಅಷ್ಟು ನೇರವಾಗಿ ಕೇಳಿದ ನಾಯಕಿ ಆ ಕಾಲದ ಜನಪ್ರಿಯ ಸಿನಿಮಾದಲ್ಲಿ ಅಪರೂಪ. ಮುಂದೆ ಗಂಡನಿಗೂ ಅವಳು ಮುಚ್ಚುಮರೆ ಮಾಡುವುದಿಲ್ಲ. ಅವನು ಮುಟ್ಟಿದರೆ ಮೈಮೇಲೆ ಕಂಬಳಿಹುಳು ಹರಿದಂತಾಗುತ್ತದೆ ಎನ್ನುತ್ತಾಳೆ. ಹಿತ್ತಲ ನುಗ್ಗೆಮರದ ಕೆಳಗೆ ಆಡಿ ಬೆಳೆದ ಯಾರಿಗೂ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಕಂಬಳಿಹುಳು ಕಚ್ಚುವುದಿಲ್ಲ, ಸುಮ್ಮನೆ ಹರಿದು ಹೋಗುತ್ತದೆ. ಉಳಿಯುವುದು ತುರಿಕೆ ಮತ್ತು ಅಸಹ್ಯ. ಈ ಗಂಡ ಕ್ರೂರಿಯಲ್ಲ ಎಂಬುದೂ ಆ ಹೋಲಿಕೆಯೊಳಗಿದೆ, ಆದರೂ ಅವಳ ಮೈಗೆ ಅದು ಬೇಡ ಎಂಬುದೂ ಇದೆ.

ರೇವತಿ ಈ ಪಾತ್ರವನ್ನು ಹಿಡಿದಿರುವ ರೀತಿ ನೋಡಬೇಕು. ಭಾರತಿರಾಜಾ ಅವರ ‘ಮಣ್ ವಾಸನೈ’ ಮೂಲಕ 1983ರಲ್ಲಿ ಚಿತ್ರರಂಗಕ್ಕೆ ಬಂದ ಅವರಿಗೆ ಆಗ ಮೂರೇ ವರ್ಷದ ಅನುಭವ. ಮದ್ರಾಸಿನ ದಿವ್ಯಾಳಿಗೆ ಕೈ, ಕಾಲು, ಕಣ್ಣು ಎಲ್ಲವೂ ಮಾತಾಡುತ್ತವೆ. ದೆಹಲಿಯ ದಿವ್ಯಾ ಅದೇ ದೇಹವನ್ನು ಮುದುಡಿ ಇಟ್ಟುಕೊಂಡಿರುತ್ತಾಳೆ.

ಕಾನೂನು ಕೊಟ್ಟ ಒಂದು ವರ್ಷ

ಅವಳು ವಿಚ್ಛೇದನ ಕೇಳಿದಾಗ ಗಂಡ ಕಾರಣ ಕೇಳುತ್ತಾನೆ. ಅವಳು ಹೇಳುತ್ತಾಳೆ. ಮನೋಹರ್ ಎಂಬ ಹುಡುಗನನ್ನು ಪ್ರೀತಿಸಿದ್ದೆ, ರಿಜಿಸ್ಟರ್ ಮದುವೆಗೆಂದು ಕಾಯುತ್ತಿದ್ದ ದಿನವೇ ಅವನು ಪೊಲೀಸರ ಗುಂಡಿಗೆ ಸಿಕ್ಕಿ ಕಣ್ಣೆದುರು ಸತ್ತ ಎಂದು. ಚಂದ್ರಕುಮಾರ್ ಕೇಳಿಸಿಕೊಳ್ಳುತ್ತಾನೆ. ಹಳೆಯದನ್ನು ಮರೆತು ಹೊಸದಾಗಿ ಬದುಕೋಣ ಎಂದು ಹೇಳಿ ನೋಡುತ್ತಾನೆ. ಅವಳಿಂದ ಆಗದು ಎಂದಾಗ ವಕೀಲರ ಬಳಿ ಕರೆದೊಯ್ಯುತ್ತಾನೆ. ಅಲ್ಲಿ ಕಾನೂನು ಅಡ್ಡ ನಿಲ್ಲುತ್ತದೆ: ಮದುವೆಯಾಗಿ ಒಂದು ವರ್ಷವಾದರೂ ಆಗಬೇಕು.

ಇದು ಕಥೆಗಾರ ಹೂಡಿದ ತಂತ್ರವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 14ನೇ ಕಲಮಿನ ಪ್ರಕಾರ, ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಮದುವೆಯಾದ ಒಂದು ವರ್ಷದೊಳಗೆ ವಿಚ್ಛೇದನದ ಅರ್ಜಿಯನ್ನು ನ್ಯಾಯಾಲಯ ಪರಿಗಣಿಸುವುದಿಲ್ಲ. ಮೊದಲು ಈ ಅವಧಿ ಮೂರು ವರ್ಷವಿತ್ತು. 1976ರ ತಿದ್ದುಪಡಿ ಅದನ್ನು ಒಂದಕ್ಕೆ ಇಳಿಸಿತು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಕಲಮು ಸೇರಿದ್ದೂ ಅದೇ ತಿದ್ದುಪಡಿಯಲ್ಲಿ. ಹಾಗಾಗಿ ‘ಮೌನ ರಾಗಂ’ ಬಂದಾಗ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹತ್ತೇ ವರ್ಷ ವಯಸ್ಸು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಆ ಪದವನ್ನು ತಗ್ಗಿದ ದನಿಯಲ್ಲಿ ಆಡುತ್ತಿದ್ದ ಕಾಲ.

ಮಣಿರತ್ನಂ ಈ ಒಣ ಕಲಮನ್ನು ಪ್ರೇಮಕಥೆಯ ಬೆನ್ನೆಲುಬು ಮಾಡಿಕೊಂಡರು. ಬೇರೆಯಾಗಲು ನಿಶ್ಚಯಿಸಿದ ಇಬ್ಬರು ಒಂದೇ ಸೂರಿನಡಿ ಒಂದು ವರ್ಷ ಇರಬೇಕು. ಭಾಷೆ ಬಾರದ ಊರು, ಪರಿಚಯದವರಿಲ್ಲ, ಹೊರಗೆ ಮಂಜು ಮುಸುಕಿದ ಚಳಿ. ಮನೆಯೊಳಗೆ ಹೇಳಿಕೊಳ್ಳಲು ಹೆಚ್ಚೇನಿಲ್ಲ. ಪ್ರೀತಿ ಹುಟ್ಟಲು ಹೂದೋಟ ಬೇಕು, ಹಾಡು ಬೇಕು ಎಂದು ನಂಬಿದ್ದ ಸಿನಿಮಾಕ್ಕೆ ಇವರು ಅಡುಗೆಮನೆ, ಊಟದ ಮೇಜು, ಕಿಟಕಿ, ಆಫೀಸಿನಿಂದ ತಡವಾಗಿ ಬರುವ ಗಂಡನ ಹೆಜ್ಜೆ ಸದ್ದು ಇಷ್ಟನ್ನೇ ಕೊಟ್ಟರು.

ಇಲ್ಲಿ ಪಿ.ಸಿ. ಶ್ರೀರಾಮ್ ಅವರ ಕ್ಯಾಮೆರಾಕ್ಕೆ ದೊಡ್ಡ ಪಾಲು ಸಲ್ಲಬೇಕು. ಮಣಿರತ್ನಂ ಜೊತೆ ಅವರ ಮೊದಲ ಚಿತ್ರ ಇದು. ಮರುವರ್ಷ ಇದೇ ಜೋಡಿ ‘ನಾಯಗನ್’ ಮಾಡಿತು. ಪಾತ್ರಗಳ ಮುಖಕ್ಕೆ ಢಾಳಾಗಿ ದೀಪ ಬಿಡುವ ರೂಢಿಯನ್ನು ಶ್ರೀರಾಮ್ ಬದಿಗಿಟ್ಟರು. ಬೆಳಕು ಹಿಂದಿನಿಂದ, ಕಿಟಕಿಯಿಂದ, ಪರದೆಯ ನಡುವಿನಿಂದ ಬರುತ್ತದೆ. ಮುಖ ಅರ್ಧ ಕತ್ತಲಲ್ಲಿ ಉಳಿಯುತ್ತದೆ. ಮಾತು ಬಿಟ್ಟ ಮನೆ ನಿಜವಾಗಿಯೂ ಹಾಗೇ ಕಾಣುತ್ತದೆ. ಬಲ್ಬು ಹಾಕಿದ್ದರೂ ಮಬ್ಬು.

ಉಳಿದದ್ದನ್ನು ಇಳಯರಾಜ ನೋಡಿಕೊಂಡರು. ವಾಲಿ ಬರೆದ ಹಾಡುಗಳಲ್ಲಿ ‘ನಿಲಾವೇ ವಾ’ ಮತ್ತು ‘ಮನ್ರಂ ವಂದ’ ಎರಡನ್ನೂ ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಗಂಡ ಬಾಯಿ ಬಿಟ್ಟು ಹೇಳದ್ದೆಲ್ಲ ಆ ಹಾಡುಗಳಲ್ಲಿದೆ. ಎಸ್. ಜಾನಕಿಯವರು ಒಬ್ಬರೇ ಹಾಡಿದ್ದು ದಿವ್ಯಾಳ ಪಾಲಿನದು: ಮದುವೆಗೆ ಮುಂಚಿನ ಮಳೆಯ ಹಾಡು ಒಂದು, ಕೊನೆಗೆ ಮನಸ್ಸು ಕರಗುವಾಗಿನ ‘ಚಿನ್ನ ಚಿನ್ನ ವಣ್ಣ ಕುಯಿಲ್’ ಇನ್ನೊಂದು. ಎರಡರ ನಡುವೆ ಆ ಹುಡುಗಿ ಹಾಡುವುದನ್ನೇ ಬಿಟ್ಟಿದ್ದಳು ಎಂಬುದು ಎರಡನೆಯ ಹಾಡು ಬಂದಾಗ ಹೊಳೆಯುತ್ತದೆ.

ದೀಪಾವಳಿಯಂಥ ಮನೋಹರ್

ಮನೋಹರ್ ಪಾತ್ರದ ಬಗ್ಗೆ ಹೇಳದಿದ್ದರೆ ಚಿತ್ರದ ಅಭಿಮಾನಿಗಳು ಕ್ಷಮಿಸಲಾರರು. ಆ ಪಾತ್ರ ಮಾಡಿದ ಕಾರ್ತಿಕ್ ತೆರೆಯ ಮೇಲಿರುವುದು ಒಂದು ಫ್ಲ್ಯಾಶ್‌ಬ್ಯಾಕಿನಷ್ಟು ಹೊತ್ತು ಮಾತ್ರ. ಆದರೆ ಚಿತ್ರ ನೋಡಿದ ಹತ್ತು ಜನರಲ್ಲಿ ಎಂಟು ಜನ ಮೊದಲು ನೆನೆಯುವುದು ಅವನನ್ನೇ. ಕಾಫಿ ಅಂಗಡಿಯಲ್ಲಿ ದಿವ್ಯಾಳ ಅಪ್ಪನನ್ನೇ ‘ಮಿಸ್ಟರ್ ಚಂದ್ರಮೌಳಿ’ ಎಂದು ಹೆಸರು ಹಿಡಿದು ಕೂಗುವ ಅವನ ತುಂಟತನ ತಮಿಳರ ನೆನಪಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, 2018ರಲ್ಲಿ ಕಾರ್ತಿಕ್ ಮತ್ತು ಅವರ ಮಗ ಗೌತಮ್ ಕಾರ್ತಿಕ್ ಒಟ್ಟಾಗಿ ನಟಿಸಿದ ಚಿತ್ರಕ್ಕೆ ಅದೇ ಹೆಸರಿಟ್ಟರು.

ಮನೋಹರ್ ದೀಪಾವಳಿಯ ಪಟಾಕಿಯಂತೆ. ಬಂದ, ಬೆಳಗಿದ, ಸದ್ದು ಮಾಡಿದ, ಇಲ್ಲವಾದ. ಚಂದ್ರಕುಮಾರ್ ದೇವರ ಮುಂದಿನ ನಂದಾದೀಪ. ನಮ್ಮ ಸಿನಿಮಾಗಳು ಇಬ್ಬರು ಗಂಡಸರನ್ನು ಹೀಗೆ ಎದುರುಬದುರು ಇಟ್ಟರೆ ಒಬ್ಬನನ್ನು ಕೆಟ್ಟವನನ್ನಾಗಿ ಮಾಡದೆ ಬಿಡುವುದಿಲ್ಲ. ಮಣಿರತ್ನಂ ಇಬ್ಬರ ಮರ್ಯಾದೆಯನ್ನೂ ಕಾಯ್ದರು. ದಿವ್ಯಾ ಗಂಡನನ್ನು ಪ್ರೀತಿಸತೊಡಗಿದಾಗ ಮನೋಹರನನ್ನು ಪ್ರೀತಿಸಿದ್ದು ತಪ್ಪಾಯಿತು ಎಂದು ಅವಳಿಂದ ಹೇಳಿಸುವುದಿಲ್ಲ.

ಕನ್ನಡದ ಪ್ರೇಕ್ಷಕರಿಗೆ ಇಲ್ಲಿ ‘ಶರಪಂಜರ’ ನೆನಪಾಗಬೇಕು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ರೂಪಿಸಿದ ಆ ಚಿತ್ರದಲ್ಲಿ ಕಲ್ಪನಾ ಅವರ ಕಾವೇರಿ ಮದುವೆಗೆ ಮುಂಚಿನ ಒಂದು ನೆನಪನ್ನು ಒಳಗೇ ಇಟ್ಟುಕೊಂಡು ಬೇಯುತ್ತಾಳೆ. ಅದು ಹೊರಬರುವುದು ಮನಸ್ಸು ಕದಡಿದಾಗ. ಬಂದ ಮೇಲೆ ಗಂಡನೂ ಲೋಕವೂ ಅವಳನ್ನು ಮತ್ತೆ ತಮ್ಮವಳೆಂದು ಒಪ್ಪಿಕೊಳ್ಳುವುದಿಲ್ಲ. ದಿವ್ಯಾ ಅದೇ ಬಗೆಯ ನೆನಪನ್ನು ಗಂಡನೆದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿಬಿಡುತ್ತಾಳೆ. ಅವನು ಆ ಮಾತನ್ನು ಮುಂದೆ ಎಂದೂ ಅವಳ ಮೇಲೆ ಆಯುಧವಾಗಿ ಬಳಸುವುದಿಲ್ಲ. ಕಾವೇರಿಗೆ ಸಿಗದೇ ಹೋದದ್ದು ದಿವ್ಯಾಳಿಗೆ ಸಿಕ್ಕಿತು.

ತಮಿಳಿನಲ್ಲೇ 1981ರಲ್ಲಿ ಭಾಗ್ಯರಾಜ್ ‘ಅಂದ ಏಳು ನಾಟ್ಕಳ್’ ಮಾಡಿದ್ದರು. ಅಲ್ಲಿಯೂ ಒತ್ತಾಯದ ಮದುವೆ, ಹಳೆಯ ಪ್ರಿಯಕರ, ಒಳ್ಳೆಯ ಗಂಡ. ಹೆಂಡತಿಯನ್ನು ಪ್ರಿಯಕರನಿಗೆ ಒಪ್ಪಿಸಲು ಗಂಡ ಸಿದ್ಧ. ಕೊನೆಗೆ ತೀರ್ಪು ಕೊಡುವುದು ತಾಳಿ. ಹಾಗೆ ಮಾಡಿ ಆ ಚಿತ್ರ ಅಪಾರ ಮೆಚ್ಚುಗೆ ಪಡೆಯಿತು. ಐದು ವರ್ಷದ ನಂತರ ಬಂದ ‘ಮೌನ ರಾಗಂ’ನಲ್ಲೂ ಹೆಣ್ಣು ಗಂಡನ ಬಳಿಯೇ ಉಳಿಯುತ್ತಾಳೆ. ಆದರೆ ಉಳಿಸಿಕೊಳ್ಳುವುದು ತಾಳಿಯಲ್ಲ. ತಾಳಿ ಮೊದಲ ದಿನದಿಂದ ಕೊರಳಲ್ಲೇ ಇತ್ತು, ಅದರಿಂದ ಏನೂ ಆಗಿರಲಿಲ್ಲ. ಏನಾದರೂ ಆದದ್ದು ಗೆಜ್ಜೆಯಿಂದ.

ಕಾಲಿಗೆ ಬಂದ ಮಾತು

ದೆಹಲಿಗೆ ಬಂದ ಹೊಸದರಲ್ಲಿ ಚಂದ್ರಕುಮಾರ್ ಅವಳಿಗೆ ಒಂದು ಜೊತೆ ಕಾಲ್ಗೆಜ್ಜೆ ತಂದಿರುತ್ತಾನೆ. ಅವಳಿಗೆ ಬೇಕಿದ್ದುದು ವಿಚ್ಛೇದನದ ಕಾಗದ. ಗೆಜ್ಜೆ ಮೂಲೆಯಲ್ಲಿ ಉಳಿಯುತ್ತದೆ. ದಿನ ಕಳೆದಂತೆ ಅವನು ಕೆಲಸ ಮಾಡುವ ಕಡೆಯ ಕಾರ್ಮಿಕರ ಗಲಾಟೆಯಲ್ಲಿ ಚಂದ್ರಕುಮಾರ್ ಮೇಲೆ ಹಲ್ಲೆಯಾಗುತ್ತದೆ. ಗಾಯಗೊಂಡ ಗಂಡನನ್ನು ದಿವ್ಯಾ ನೋಡಿಕೊಳ್ಳುತ್ತಾಳೆ. ಅವಳೊಳಗೆ ಏನೋ ಪಲ್ಲಟವಾಗಿದೆ ಎಂಬುದು ಅವಳಿಗೇ ತಡವಾಗಿ ತಿಳಿಯುತ್ತದೆ. ಅದನ್ನು ಅವಳು ಬಾಯಲ್ಲಿ ಹೇಳುವುದಿಲ್ಲ. ಗೆಜ್ಜೆ ತೊಡುತ್ತಾಳೆ. ಅಷ್ಟು ದಿನ ಹೆಜ್ಜೆಯ ಸದ್ದೂ ಕೇಳದಿದ್ದ ಮನೆಯಲ್ಲಿ ಆ ಸದ್ದೇ ಮಾತು.

ಆ ಹೊತ್ತಿಗೆ ಗಂಡನ ಮನಸ್ಸು ಸೋತಿದೆ. ಅವಳ ಕೈಗೆ ಊರಿನ ರೈಲು ಟಿಕೆಟ್ ಕೊಡುತ್ತಾನೆ. ಒಮ್ಮೆ ಅವಳು ಕೊಟ್ಟ ನೋವನ್ನೇ ಈಗ ಅವನು ಹಿಂತಿರುಗಿಸುತ್ತಿದ್ದಾನೆ. ಈ ಭಾಗ ನನಗೆ ತುಂಬ ಇಷ್ಟ. ಚಂದ್ರಕುಮಾರ್ ದೇವರಲ್ಲ. ಕಾದು ಕಾದು ಅವನೂ ಗಟ್ಟಿಯಾಗಿಬಿಟ್ಟಿದ್ದಾನೆ. ರೈಲು ನಿಲ್ದಾಣದಲ್ಲಿ ದಿವ್ಯಾ ತನ್ನ ಪ್ರೀತಿಯನ್ನು ಹೇಳಿ, ಅವನ ಹಟವನ್ನೂ ಹೇಳಿ, ವಿಚ್ಛೇದನದ ಕಾಗದ ಹರಿಯುತ್ತಾಳೆ. ರೈಲು ಹೊರಡುತ್ತದೆ. ಅವನು ಓಡಿ ಹತ್ತಿ ಚೈನು ಎಳೆಯುತ್ತಾನೆ.

ಇನ್ನೊಂದು ವಿಷಯ ಗೊತ್ತಾದ ಮೇಲೆ ಮೋಹನ್ ಅಭಿನಯದ ಮೇಲೆ ನನಗೆ ಗೌರವ ಹೆಚ್ಚಾಯಿತು. ತೆರೆಯ ಮೇಲೆ ನಾವು ಕೇಳುವ ದನಿ ಅವರದಲ್ಲ. ಅವರ ಬಹುತೇಕ ತಮಿಳು ಚಿತ್ರಗಳಂತೆ ಇದಕ್ಕೂ ಕಂಠದಾನ ಮಾಡಿದವರು ಗಾಯಕ ಎಸ್.ಎನ್. ಸುರೇಂದರ್. ಮಾತಿನ ದನಿ ಒಬ್ಬರದು, ಹಾಡಿನ ದನಿ ಇನ್ನೊಬ್ಬರದು. ಮೋಹನ್ ಅವರ ಪಾಲಿಗೆ ಉಳಿದದ್ದು ಕಣ್ಣು ಮತ್ತು ನಿಲುವು. ಕೋಪ ನುಂಗುವಾಗ ತಿರುಗುವ ಮುಖ, ಬಾಗಿಲ ಬಳಿ ಅರೆಕ್ಷಣ ನಿಂತು ಮುಂದೆ ಹೋಗುವ ರೀತಿ. ಚಿತ್ರದ ಹೆಸರಿನಲ್ಲಿರುವ ಮೌನವನ್ನು ಹೊತ್ತು ನಿಂತವರು ನಮ್ಮ ನಾಡಿನಿಂದ ಹೋದ ಈ ನಟ.

ಒಪ್ಪದ ಮಾತೂ ಇದೆ

ಚಿತ್ರವನ್ನು ಒಪ್ಪದವರ ವಾದವನ್ನೂ ಕೇಳಬೇಕು. ಒತ್ತಾಯದ ಮದುವೆ ಕೊನೆಗೆ ಸುಖಾಂತವಾದರೆ, ‘ಕಟ್ಟಿಬಿಡಿ, ಆಮೇಲೆ ತಾನೇ ಸರಿಹೋಗುತ್ತದೆ’ ಎನ್ನುವ ಹಿರಿಯರ ಮಾತಿಗೆ ಈ ಚಿತ್ರ ಸಾಕ್ಷಿಯಾಗುವುದಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅಪ್ಪನ ಕಾಯಿಲೆ ತೋರಿಸಿ ಮಗಳನ್ನು ಒಪ್ಪಿಸಿದ ಅಮ್ಮನಿಗೆ ಚಿತ್ರ ಶಿಕ್ಷೆ ಕೊಡುವುದಿಲ್ಲ. ಎಲ್ಲ ದಿವ್ಯಾಗಳಿಗೂ ಚಂದ್ರಕುಮಾರ್ ಸಿಗುವುದಿಲ್ಲ ಎಂಬುದೂ ನಿಜ.

ಆದರೂ ಕಣ್ಣಿಟ್ಟು ನೋಡಿದರೆ ದಾಂಪತ್ಯ ಸರಿಹೋದದ್ದು ‘ತಾನೇ’ ಅಲ್ಲ. ಗಂಡ ಅವಳನ್ನು ಮುಟ್ಟದೆ ಉಳಿದ. ಅವಳು ಬಿಡುಗಡೆ ಕೇಳಿದಾಗ ವಕೀಲರ ಬಳಿ ತಾನೇ ಕರೆದೊಯ್ದ. ಹೋಗುವ ಬಾಗಿಲು ತೆರೆದೇ ಇತ್ತು. ಅಂಥ ಮನೆಯಲ್ಲಿ ದಿವ್ಯಾ ಉಳಿದದ್ದು ಸೋತು ಅಲ್ಲ, ಆರಿಸಿಕೊಂಡು. ಬಾಗಿಲು ಮುಚ್ಚಿದ ಮನೆಯಲ್ಲಿ ‘ಹೊಂದಿಕೊಂಡ’ ಹೆಣ್ಣಿನ ಕಥೆಗೂ ಈ ಕಥೆಗೂ ಅಜಗಜಾಂತರ. 34ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತಮಿಳು ಚಿತ್ರ ಎಂಬ ಗೌರವ ‘ಮೌನ ರಾಗಂ’ಗೆ ಸಂದಿತು. ಮದುವೆಯ ನಂತರ ಶುರುವಾಗುವ ಪ್ರೀತಿಯನ್ನು ಹೇಳಹೊರಟ ಎಷ್ಟೋ ತಮಿಳು ಚಿತ್ರಗಳು ಇದರ ನೆರಳಲ್ಲೇ ನಡೆದವು. 2013ರ ‘ರಾಜಾ ರಾಣಿ’ ಬಂದಾಗ ಜನ ಮೊದಲು ಹೋಲಿಸಿದ್ದು ಇದರ ಜೊತೆಗೇ.

ಚಿತ್ರ ಮುಗಿದಾಗ ಅಮ್ಮನ ಮೊರದಲ್ಲಿ ಕಾಳು ತುಂಬಿತ್ತು. ಅವಳು ಆಡಿದ ಮಾತು ಮಾತ್ರ ನನ್ನೊಳಗೆ ಉಳಿಯಿತು. ಅವಳ ಕಾಲದಲ್ಲಿ ಯಾರೂ ಕೇಳಲಿಲ್ಲ. ದಿವ್ಯಾಳನ್ನು ಕೇಳಿದ್ದು ಮದುವೆಯಾದ ಮೇಲೆ. ಈಗ ನಮ್ಮ ಮನೆಗಳಲ್ಲಿ ಕೇಳುವ ಸರದಿ ನಮ್ಮದು. ಈ ಸಲ ಮನೆಗೆ ಗಂಡಿನ ಕಡೆಯವರು ಬರುವ ಮಾತೆದ್ದರೆ, ಛತ್ರಕ್ಕೆ ಮುಂಗಡ ಕೊಡುವ ಮೊದಲು, ಜಾತಕ ತೆಗೆಯುವುದಕ್ಕೂ ಮೊದಲು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಕೇಳಿ: ನಿನಗೇನು ಬೇಕು? ಅವಳು ಬೇಡ ಎಂದರೆ, ಅಪ್ಪನ ಬಿಪಿಯ ಮಾತು ಎತ್ತದೆ, ಅಲ್ಲಿಗೆ ನಿಲ್ಲಿಸಿಬಿಡಿ.